ದೇವರಾಜ ಮಾರುಕಟ್ಟೆಗೆ ಐದಕ್ಕೆ ಮೂರೂವರೆ ಅಂಕ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಳಗ್ಗೆ ಆರಕ್ಕೇ ಚಿಕ್ಕ ಗಡಿಯಾರ ಗೋಪುರದ ಬದಿಯ ಬಾಗಿಲಿನಿಂದ ಒಳಹೊಕ್ಕೆ. ಮೈಸೂರಿಗೆ ಸೊಸೆಯಾಗಿ ಬಂದಾಗಿನಿಂದ ನನಗೆ ಹೂವಿಗೆ ಇದೇ ಬಾಗಿಲು.

ನನ್ನ ಖಾಯಂ ಹೂವಾಡಗಿತ್ತಿಯ ಕೈ ಗಿಡ್ಡ. ಮೊಳ ಅಳೆಯುವುದು ಅದೇ ಕೈಯಲ್ಲಿ. ಅದು ಅವಳಿಗೂ ಗೊತ್ತು; ಆದ್ದರಿಂದ ಕೊನೆಗೆ ಕೇಳದೆಯೇ ಒಂದು ಗೇಣು ಹೆಚ್ಚಿಗೆ ಎಳೆದು, ಬಾಳೆನಾರನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಎಲೆಯಲ್ಲಿ ಸುತ್ತಿಕೊಡುತ್ತಾಳೆ. ಮಲ್ಲಿಗೆ ಮರುದಿನ ಪೂಜೆಯ ಹೊತ್ತಿಗೂ ಬಾಡಿರಲಿಲ್ಲ. ಬೆಲೆ ಮಾತ್ರ ಕೇಳಬೇಡಿ.

ಅವಳ ತಲೆಯ ಮೇಲಿನ ಗೋಡೆಯಲ್ಲಿ ಗಾರೆ ಉದುರಿ ಇಟ್ಟಿಗೆ ಹಲ್ಲು ಕಿರಿದಿದೆ. ಪಕ್ಕದಲ್ಲೇ ಯಾರೋ ಬಳಿದ ಸಿಮೆಂಟು, ಅದೂ ಹೊಪ್ಪಳೆಯಾಗಿ ಎದ್ದಿದೆ. ನನ್ನ ತಂದೆ ಗಾರೆ ಕೆಲಸದವರು. ಸುಣ್ಣದ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲ, ಒಂದು ದಿನ ಮೆತ್ತಿದ್ದನ್ನೂ ಕಿತ್ತುಕೊಂಡೇ ಬರುತ್ತದೆ ಎನ್ನುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕಟ್ಟಡಕ್ಕೆ ಇಪ್ಪತ್ತನೆಯ ಶತಮಾನದ ತೇಪೆ ಹಾಕಿದರೆ ಆಗುವುದು ಇದೇ.

2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಧನ್ವಂತರಿ ರಸ್ತೆ ಬದಿಯ ಭಾಗ ಕುಸಿಯಿತು. ಅದಕ್ಕೂ ನಾಲ್ಕು ವರ್ಷ ಮೊದಲು, ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತಿದ್ದರು. ಹಾಗಾಗಿ ‘ಪರಂಪರೆ, ಮುಟ್ಟಬೇಡಿ’ ಎನ್ನುವವರ ಜೊತೆ ನಾನು ಪೂರ್ತಿಯಾಗಿ ಇಲ್ಲ. ಆ ಸೂರಿನ ಕೆಳಗೆ ದಿನವಿಡೀ ಕೂರುವವರು ಅವರಲ್ಲ. ಕೆಡವಿ ಅದೇ ಮುಖದ ಹೊಸ ಕಟ್ಟಡ ಕಟ್ಟಬೇಕೋ, ಇರುವುದನ್ನೇ ಸುಣ್ಣದ ಗಾರೆಯಲ್ಲಿ ಗಟ್ಟಿಮಾಡಬೇಕೋ ಎಂಬ ಜಗಳ ನ್ಯಾಯಾಲಯಕ್ಕೂ ಹೋಯಿತು.

ಕೆಡವುವುದಕ್ಕೂ ಮನಸ್ಸು ಒಪ್ಪುವುದಿಲ್ಲ, ಕಾರಣ ಅದರ ಕಮಾನುಗಳ ಅಂದವಲ್ಲ. ಬೇರೊಂದು ಊರಿನಲ್ಲಿ ಹಳೆಯ ಸಂತೆಯನ್ನು ಕೆಡವಿ ಕಟ್ಟಿದ ಮೂರಂತಸ್ತಿನ ಮಾರುಕಟ್ಟೆಗೆ ಹೋಗಿದ್ದೆ. ಹೂವಿನವರಿಗೆ ಎರಡನೆಯ ಮಹಡಿ ಕೊಟ್ಟಿದ್ದರು. ಮೊಣಕಾಲು ನೋವಿನ ನಾನು ಒಮ್ಮೆ ಹತ್ತಿದೆ, ಮತ್ತೆ ಹತ್ತಲಿಲ್ಲ. ಇಳಿದು ಬಂದು ನೋಡಿದರೆ, ಹೂವಿನವರೆಲ್ಲ ಫುಟ್‌ಪಾತಿನಲ್ಲಿ ಕೂತಿದ್ದರು! ನಮ್ಮ ದೇವರಾಜದಲ್ಲಿ 800ಕ್ಕೂ ಹೆಚ್ಚು ಮಳಿಗೆಗಳಿದ್ದರೂ ಎಲೆ, ಅರಿಸಿನ, ಕುಂಕುಮ, ತರಕಾರಿ ಎಲ್ಲವೂ ನೆಲದ ಮೇಲೆಯೇ ಸಿಗುತ್ತವೆ. ಓಣಿಯಿಂದ ಓಣಿಗೆ ಗಾಳಿಯೂ ಆಡುತ್ತದೆ. ವೈರು, ಚರಂಡಿ, ಶೌಚಾಲಯ, ಬೆಂಕಿ ಆರಿಸುವ ನೀರಿನ ಕೊಳವೆ ಎಲ್ಲ ಹೊಸದಾಗಲಿ. ಮೆಟ್ಟಿಲು ಮಾತ್ರ ಬೇಡ.

ಐದರಲ್ಲಿ ನಾನು ಕಳೆದ ಒಂದೂವರೆ ಅಂಕ ಗೋಡೆಯದ್ದು, ವ್ಯಾಪಾರಿಗಳದ್ದಲ್ಲ.

ಹೋಗುವವರು ಏಳರೊಳಗೆ ಹೋಗಿ, ಚಿಲ್ಲರೆ ಇಟ್ಟುಕೊಳ್ಳಿ. ನಂಜನಗೂಡಿನ ರಸಬಾಳೆ ಕಂಡರೆ ಚೌಕಾಸಿ ಮಾಡುತ್ತ ನಿಲ್ಲಬೇಡಿ. ಹಾಗೆ ನಿಂತ ನನ್ನ ಕಣ್ಣೆದುರೇ ಹಿಂದಿನಿಂದ ಒಬ್ಬರು ಚಿಪ್ಪನ್ನೇ ಎತ್ತಿಕೊಂಡು ಹೋದರು.