ಸಾರ್ವಜನಿಕ ಪರದೆಯ ಕಲೆಗೆ ರಾಸ್ಪ್‌ಬೆರಿ ಪೈ 4: ಎಲ್ಲಿ ಸಾಕು, ಎಲ್ಲಿ ಸಾಲದು

ನಿಲ್ದಾಣ, ಗ್ರಂಥಾಲಯ ಅಥವಾ ಚೌಕದ ಪರದೆಯಲ್ಲಿ ಒಂದೇ ವಿಡಿಯೊ ಕಲಾಕೃತಿ ಹಗಲಿರುಳು ಓಡಬೇಕಿದ್ದರೆ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಧಾರಾಳವಾಗಿ ಸಾಕು. ಎಚ್‌ಇವಿಸಿ (ಎಚ್.265) ಎಂಬ ವಿಧಾನದಲ್ಲಿ ಕುಗ್ಗಿಸಿದ ವಿಡಿಯೊ ಫೈಲನ್ನು ಅದು 4ಕೆ, ಸೆಕೆಂಡಿಗೆ 60 ಫ್ರೇಮ್‌ವರೆಗೆ ಹಾರ್ಡ್‌ವೇರ್‌ನಲ್ಲೇ ಡಿಕೋಡ್ ಮಾಡುತ್ತದೆ. ಅದಕ್ಕೆ ಪವರ್ ಸಾಕೆಟ್‌ಗೆ ಹತ್ತಿರದ ಎಚ್‌ಡಿಎಂಐ ಪೋರ್ಟನ್ನೇ ಬಳಸಬೇಕು, ಕಾನ್ಫಿಗ್ ಫೈಲಿನಲ್ಲಿ 4ಕೆ 60 ಆನ್ ಮಾಡಬೇಕು. ಹಳೆಯ ಎಚ್.264 ವಿಧಾನದ ಫೈಲ್ ಆದರೆ ಹಾರ್ಡ್‌ವೇರ್ ನೆರವು 1080ಪಿಗೇ ಮುಗಿಯಿತು. ಪೈ 5ರಲ್ಲಿ ಎಚ್.264ಗೆ ಅಷ್ಟು ನೆರವೂ ಇಲ್ಲ. ಕಲಾವಿದರಿಂದ ಫೈಲ್ ತರಿಸಿಕೊಳ್ಳುವಾಗಲೇ ಇದನ್ನು ಸ್ಪಷ್ಟವಾಗಿ ಬರೆದು ತಿಳಿಸಿ.

ಫ್ರೇಮ್ ರೇಟನ್ನೂ ಕೇಳಿಕೊಳ್ಳಿ. ಸೆಕೆಂಡಿಗೆ 25 ಫ್ರೇಮ್‌ನ ಕೃತಿಯನ್ನು 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಕಳಿಸುವ ಔಟ್‌ಪುಟ್‌ನಲ್ಲಿ ಬಿಟ್ಟರೆ ಕೆಲವು ಫ್ರೇಮ್ ಎರಡು ಸಲ, ಕೆಲವು ಮೂರು ಸಲ ಬಂದು ನಿಧಾನದ ಚಲನೆ ಜಗ್ಗುತ್ತದೆ. ಔಟ್‌ಪುಟ್ ಅನ್ನು 50 ಹರ್ಟ್ಸ್‌ಗೆ ಇಟ್ಟರೆ ಸರಿಹೋಗುತ್ತದೆ.

ಎಲ್‌ಇಡಿ ಗೋಡೆಯಲ್ಲಿ ಕೃತಿ ಹಾಳಾಗುವುದು ಹೆಚ್ಚಾಗಿ ಸ್ಕೇಲಿಂಗ್‌ನಿಂದ, ಅಂದರೆ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವುದರಿಂದ. 3.9 ಮಿ.ಮೀ. ಪಿಚ್‌ನ (ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಇರುವ ದೂರ), 500 ಮಿ.ಮೀ. ಚೌಕದ ಕ್ಯಾಬಿನೆಟ್‌ನಲ್ಲಿ (ಗೋಡೆ ಜೋಡಿಸುವ ಒಂದು ತುಂಡು) ಇರುವುದು 128 × 128 ಪಿಕ್ಸೆಲ್. ಅಡ್ಡಕ್ಕೆ ಎಂಟು, ಎತ್ತರಕ್ಕೆ ನಾಲ್ಕು ಜೋಡಿಸಿದರೆ 4 ಮೀಟರ್ ಅಗಲದ ಗೋಡೆಗೂ ಸಿಗುವುದು ಬರೀ 1024 × 512. ಅದಕ್ಕೆ 1080ಪಿ ಚಿತ್ರವನ್ನು ಕುಗ್ಗಿಸಿ ತುಂಬಿದರೆ ಸಣ್ಣ ಗೆರೆಗಳು ಮಿನುಗುತ್ತವೆ, ಅಕ್ಷರ ಒಡೆಯುತ್ತದೆ. 1920 × 1080ರ ಕಪ್ಪು ಕ್ಯಾನ್ವಾಸಿನ ಎಡ ಮೇಲ್ಮೂಲೆಯಲ್ಲಿ 1024 × 512ರ ಕೃತಿಯನ್ನು ಕೂರಿಸಿ, ಗೋಡೆಗೆ ಚಿತ್ರ ಹಂಚುವ ಕಂಟ್ರೋಲರ್‌ನಲ್ಲಿ ಸ್ಕೇಲಿಂಗ್ ಆಫ್ ಮಾಡಿ. ಒಂದು ಪಿಕ್ಸೆಲ್ ದಪ್ಪದ ಬಿಳಿ ಚೌಕುಳಿ ಬಿಟ್ಟು ನೋಡಿ. ಎಲ್ಲ ಗೆರೆಯೂ ಒಂದೇ ದಪ್ಪ ಕಂಡರೆ ಮ್ಯಾಪಿಂಗ್ ಸರಿ ಇದೆ.

ರಾತ್ರಿ ಪರದೆಯ ಬೆಳಕನ್ನು ಇಳಿಸಲೇಬೇಕು. ಆಗ ಅಗ್ಗದ ಪ್ಯಾನೆಲ್‌ಗಳಲ್ಲಿ ಕಡುಬಣ್ಣದ ಸೂಕ್ಷ್ಮ ಹಂತಗಳು ಕಳೆದುಹೋಗಿ ಪಟ್ಟೆ ಪಟ್ಟೆಯಾಗಿ ಕಾಣುತ್ತವೆ. ಕಲಾವಿದರೇ ಸ್ವಲ್ಪ ಗ್ರೇನ್ (ನವಿರಾದ ಚುಕ್ಕೆಗಳ ಪದರ) ಸೇರಿಸಿಕೊಟ್ಟರೆ ಇದು ಬಹಳಷ್ಟು ಕಡಿಮೆಯಾಗುತ್ತದೆ. ಅವರನ್ನು ಕೇಳದೆ ನೀವೇ ಕಾಂಟ್ರಾಸ್ಟ್ ಏರಿಸಲು ಹೋಗಬೇಡಿ, ಅದು ಅವರ ಕೃತಿ.

ಲೂಪ್‌ಗೆ ಎಂಪಿವಿ ಎಂಬ ವಿಡಿಯೊ ಪ್ಲೇಯರ್ ಚೆನ್ನಾಗಿದೆ. ಆದರೂ ಮರಳಿ ಶುರುವಾಗುವಾಗ ಸಣ್ಣ ತಡೆ ಬರಬಹುದು, ಧ್ವನಿ ಇದ್ದರೆ ಅದು ಎದ್ದು ಕೇಳುತ್ತದೆ. ಕೃತಿಯನ್ನು ಹತ್ತಿಪ್ಪತ್ತು ಸಲ ಜೋಡಿಸಿ ಒಂದೇ ಉದ್ದ ಫೈಲ್ ಮಾಡಿಕೊಂಡರೆ ಆ ತಡೆ ಅಪರೂಪವಾಗುತ್ತದೆ.

ಕರೆಂಟು ಹೋಗಿ ಬರುವ ಕಡೆ ಮೊದಲು ಕೈಕೊಡುವುದು ಎಸ್‌ಡಿ ಕಾರ್ಡ್. ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿದರೆ ಕಾರ್ಡಿಗೆ ಬರೆಯುವುದೇ ನಿಲ್ಲುತ್ತದೆ. ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ವೇಳಾಪಟ್ಟಿ ತಪ್ಪುತ್ತದೆ, ಹಾಗಾಗಿ ಡಿಎಸ್3231 ಗಡಿಯಾರ ಮಾಡ್ಯೂಲ್ ಹಾಕಿ. ಪವರ್‌ಗೆ 5 ವೋಲ್ಟ್, 3 ಆಂಪಿಯರ್‌ನ ಅಡಾಪ್ಟರ್ ಬೇಕು. 80 ಡಿಗ್ರಿ ದಾಟಿದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ; ಬಿಸಿಲಿಗೆ ಬಿದ್ದ ಮುಚ್ಚಿದ ಡಬ್ಬಿಯಲ್ಲಿ ಮಧ್ಯಾಹ್ನ ಫ್ರೇಮ್ ಬಿಟ್ಟುಹೋಗುವುದು ಇದರಿಂದಲೇ. ಧೂಳಿನ ಜಾಗದಲ್ಲಿ ಫ್ಯಾನ್‌ಗಿಂತ ಲೋಹದ ಹೀಟ್‌ಸಿಂಕ್ ಕೇಸ್ ಮೇಲು.

ಹಲವು ಪರದೆಗಳ ಮೇಲೆ ಒಂದೇ ಚಲನೆ ಹರಿಯಬೇಕಾದ ಕೃತಿಗೆ ಮಾತ್ರ ಇದನ್ನು ಕೊಳ್ಳಬೇಡಿ. ಬೇರೆ ಬೇರೆ ಪೈಗಳ ಔಟ್‌ಪುಟ್ ಅನ್ನು ಒಂದೇ ಗಡಿಯಾರಕ್ಕೆ ಕಟ್ಟುವ ಜೆನ್‌ಲಾಕ್ ಇದರಲ್ಲಿಲ್ಲ. ನೆಟ್‌ವರ್ಕ್‌ನಲ್ಲಿ ಒಟ್ಟಿಗೆ ಶುರು ಮಾಡಿದರೂ ಒಂದೆರಡು ಫ್ರೇಮ್ ಹಿಂದೆಮುಂದಾಗಿ, ಪರದೆಗಳ ನಡುವೆ ದಾಟುವ ಆಕೃತಿ ಮುರಿದು ಕಾಣುತ್ತದೆ. ಅಂಥ ಕಡೆ ಒಂದೇ ಗ್ರಾಫಿಕ್ಸ್ ಕಾರ್ಡಿನಿಂದ ಎಲ್ಲ ಪರದೆಗೂ ಸಿಗ್ನಲ್ ಕೊಡುವ ಕಂಪ್ಯೂಟರ್‌ಗೇ ಹಣ ಹಾಕಿ.