ಗಾವರಾನ್ (ಜವಾರಿ) ಕೋಳಿ ಅಂತ ನಂಬಿಸಿ ಫಾರಂನ ಮುದಿ ಕೋಳಿ ಕೊಟ್ಟರು, ಪುಣೆಯವರು ದಯವಿಟ್ಟು ಓದಿ

ಆರು ಕೋಳಿ ತಂದಿದ್ದೆ. ಎರಡೂವರೆ ತಿಂಗಳಲ್ಲಿ ನಾಲ್ಕು ಸತ್ತವು. ನಾನೇ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಇಷ್ಟು ದಿನ ಕೊರಗುತ್ತಿದ್ದೆ. ಈಗ ನಿಜ ಗೊತ್ತಾಗಿದೆ, ಹೊಟ್ಟೆ ಉರಿಯುತ್ತಿದೆ.

ನಾವಿರುವುದು ಧಾಯರಿ ಕಡೆ. ಮನೆ ಹಿಂದೆ ಸ್ವಲ್ಪ ಜಾಗ ಇದೆ. ಅವ್ವ ವಿಜಯಪುರ ಜಿಲ್ಲೆಯ ಇಂಡಿಯಿಂದ ನಮ್ಮ ಜೊತೆ ಇರಲು ಬಂದಮೇಲೆ ನಾಲ್ಕು ಜವಾರಿ ಕೋಳಿ ಇದ್ದರೆ ಅವಳಿಗೂ ಹೊತ್ತು ಹೋಗುತ್ತೆ ಅಂದುಕೊಂಡೆ. ಫೋನಿನಲ್ಲಿ ಜಾಹೀರಾತು ಕಂಡಿತು. ಅಸಲಿ ಗಾವರಾನ್, ಐದು ತಿಂಗಳ ಹೆಣ್ಣು, ಮೊದಲ ಮೊಟ್ಟೆಗೆ ರೆಡಿ, ಎಲ್ಲ ಲಸಿಕೆ ಆಗಿದೆ. ಒಂದಕ್ಕೆ 650 ರೂಪಾಯಿ, ಆರಕ್ಕೆ 3,900. ದುಡ್ಡು ಮೊದಲೇ ಹಾಕಿಸಿಕೊಂಡರು. ಕೋಳಿ ಬಂದದ್ದು ರಾತ್ರಿ ಒಂಬತ್ತೂವರೆಗೆ. ಕತ್ತಲಲ್ಲೇ ಯಾಕೆ ಅಂತ ಆಗ ಹೊಳೆಯಲಿಲ್ಲ.

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಆರೂ ಹೊಸ್ತಿಲಲ್ಲೇ ನಿಂತವು. ಮಣ್ಣಿಗೆ ಕಾಲಿಡಲಿಲ್ಲ. ಜೋಳ ಚೆಲ್ಲಿದರೆ ಸುಮ್ನೆ ನೋಡುತ್ತಿದ್ದವು. "ಇವಕ್ಕ ಕೆದರಾಕನ ಬರವಲ್ದಲ್ಲೋ" ಅಂದಳು ಅವ್ವ. ಹೊಸ ಜಾಗ ಅಲ್ವಾ, ಕಲಿಯುತ್ತವೆ ಬಿಡು ಅಂದೆ. ಜೀವನವಿಡೀ ಕೋಳಿ ಸಾಕಿದವಳ ಮಾತು ಕೇಳಲಿಲ್ಲ.

ಮೊಟ್ಟೆ ಮೂರನೇ ದಿನಕ್ಕೇ ಬಂತು, ಖುಷಿಪಟ್ಟೆವು. ದೊಡ್ಡ ಮೊಟ್ಟೆ, ಆದರೆ ಸಿಪ್ಪೆ ಬೆರಳು ತಾಗಿದರೆ ಬಿರುಕು ಬಿಡುವಷ್ಟು ತೆಳು. ಎರಡು ವಾರಕ್ಕೆ ಒಂದು ಕೋಳಿ ಮೇವು ಬಿಟ್ಟಿತು. ಬಾಲ ಇಳಿಬಿಟ್ಟು, ಎದೆ ಎತ್ತಿ, ನೆಟ್ಟಗೆ ನಿಂತೇ ಇರುತ್ತಿತ್ತು. ಹೊಟ್ಟೆ ಮುಟ್ಟಿದರೆ ನೀರು ತುಂಬಿದ ಚೀಲ. ಮಾರಿದವರಿಗೆ ಫೋಟೊ ಕಳಿಸಿದೆ. "ಊನ್ ಲಾಗ್ಲೀ ಅಸೇಲ್", ಬಿಸಿಲು ಬಡಿದಿರಬೇಕು ಅಂದರು. ಅದು ಸತ್ತಿತು. ಎರಡನೆಯದಕ್ಕೆ, "ನೀವು ಅಕ್ಕಿ ಹಾಕ್ತೀರಾ? ಅದಕ್ಕೇ." ಮೂರನೆಯದಕ್ಕೆ ಯಾವುದೋ ಆ್ಯಂಟಿಬಯೋಟಿಕ್ ಹೆಸರು ಹೇಳಿ ನೀರಿಗೆ ಹಾಕಿ ಅಂದರು. ಹಾಕಿದೆ. ಮಕ್ಕಳು ಆ ಮೊಟ್ಟೆ ತಿಂದಿದ್ದಾರೆ. ಇದನ್ನು ಬರೆಯುವಾಗಲೂ ಕೈ ನಡುಗುತ್ತಿದೆ.

ನಾಲ್ಕನೆಯದು ಸತ್ತಾಗ ಪಶು ವೈದ್ಯರ ಬಳಿ ಒಯ್ದೆ, ಬದುಕಿದ್ದ ಒಂದನ್ನೂ ಜೊತೆಗೆ. ಸತ್ತದ್ದನ್ನು ಕೊಯ್ದು ತೋರಿಸಿದರು. ಹೊಟ್ಟೆ ತುಂಬ ಕೊಳೆತ ಹಳದಿ. ಮೊಟ್ಟೆಯ ಹಳದಿ ಭಾಗ, ಮೊಟ್ಟೆ ಬರುವ ನಾಳಕ್ಕೆ ಹೋಗದೆ ಹೊಟ್ಟೆಯೊಳಗೆ ಬಿದ್ದು ಸೋಂಕಾಗಿದೆ ಅಂದರು. ಆಮೇಲೆ ಬದುಕಿದ್ದನ್ನು ಎತ್ತಿ ಹಿಡಿದು, "ಇದು ಐದು ತಿಂಗಳದ್ದು ಅಂತ ಯಾರು ಹೇಳಿದ್ದು?" ಅಂತ ಕೇಳಿದರು. ನಾನು ಮಾತಾಡಲಿಲ್ಲ. ಕೊಕ್ಕಿನ ತುದಿ ಕತ್ತರಿಸಿದ್ದು, ಅಂದರೆ ಫಾರಂನದ್ದು. ತಂತಿಯ ಮೇಲೇ ನಿಂತು ಸವೆಯದೆ ಬೆಳೆದ ಉಗುರು. ಕುತ್ತಿಗೆಯಲ್ಲಿ ಪಂಜರಕ್ಕೆ ಉಜ್ಜಿ ಹೋದ ಪುಕ್ಕ. ಹಳದಿ ಇರಬೇಕಾದ ಕಾಲು ಬಿಳಿಚಿತ್ತು. ತಿಂಗಳುಗಟ್ಟಲೆ ಮೊಟ್ಟೆ ಇಟ್ಟಾಗ ಕಾಲಿನ ಬಣ್ಣವೆಲ್ಲ ಮೊಟ್ಟೆಗೇ ಹೋಗುತ್ತದಂತೆ. ಎರಡು ತಿಂಗಳು ದಿನಾ ನೋಡಿದ್ದೆ, ಎಲ್ಲ ಕಣ್ಣ ಮುಂದೆಯೇ ಇತ್ತು.

ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡಲೆಂದೇ ಬೆಳೆಸಿದ ತಳಿ ಇದು. 18–20 ವಾರಕ್ಕೆ ಶುರು, 72–80 ವಾರಕ್ಕೆ ಫಾರಂನವರು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಅಷ್ಟೊತ್ತಿಗೆ ಮೈಯೆಲ್ಲ ಸೋತಿರುತ್ತದೆ. ಅವ್ವನ ಜವಾರಿ ಕೋಳಿ ಹತ್ತು ಹದಿನೈದು ಇಟ್ಟು ಕಾವಿಗೆ ಕೂರುತ್ತಿತ್ತು, ಮೈಗೆ ಬಿಡುವು ಸಿಗುತ್ತಿತ್ತು, ವರ್ಷಗಟ್ಟಲೆ ಬಾಳುತ್ತಿತ್ತು. ಇವಕ್ಕೆ ಬಿಡುವೇ ಇಲ್ಲ.

ಇದನ್ನೆಲ್ಲ ಮಾರಿದವರಿಗೆ ಬರೆದು ಕಳಿಸಿದೆ. ಉತ್ತರ: "ಜೀವ ಇರೋ ವಸ್ತುವಿಗೆ ಗ್ಯಾರಂಟಿ ಇರಲ್ಲ ಸರ್." ಗ್ಯಾರಂಟಿ ಯಾರು ಕೇಳಿದರು? ವಯಸ್ಸು ಯಾಕೆ ಸುಳ್ಳು ಹೇಳಿದಿರಿ ಅಂತ ಕೇಳಿದ್ದು. ಕೋಳಿಗೆ ಬರುವ ರಾಣಿಖೇತ್ ರೋಗದ ಲಸಿಕೆಯ ಕಾರ್ಡ್ ಕೊಡಿ ಅಂದೆ. ಬ್ಲಾಕ್ ಮಾಡಿದರು.

ರಾತ್ರಿ ಕೋಳಿ ಇಳಿಸಿಕೊಳ್ಳಬೇಡಿ. ಹಗಲಲ್ಲಿ ಕೈಯಲ್ಲಿ ಹಿಡಿದು ಕೊಕ್ಕು, ಉಗುರು, ಕಾಲು ನೋಡಿ. ಲಸಿಕೆಯ ಕಾರ್ಡ್ ಇಲ್ಲದಿದ್ದರೆ ದುಡ್ಡು ಕೊಡಬೇಡಿ. ವೈದ್ಯರು ಹೇಳದೆ ನೀರಿಗೆ ಔಷಧಿ ಹಾಕಲೇಬೇಡಿ.

ಉಳಿದ ಎರಡರಲ್ಲಿ ಒಂದು ಹೋದ ವಾರ ನುಗ್ಗೆ ಗಿಡದ ಬುಡದಲ್ಲಿ ಮಣ್ಣು ಕೆದರಿತು. ಅವ್ವ ಕರೆದು ತೋರಿಸಿದಳು. ನಿನ್ನೆಯಿಂದ ಅದೂ ಬಾಲ ಇಳಿಬಿಟ್ಟು ನಿಂತಿದೆ. ಅದೇ ಜಾಹೀರಾತು ಬೇರೆ ನಂಬರಿನಿಂದ ಮತ್ತೆ ಬಂದಿದೆ, ಅದೇ ಫೋಟೊ, ಈ ಸಲ 700 ರೂಪಾಯಿ.