ಕೊಡಗಿನ ತೋಟಕ್ಕೆ ದಿನಾ ಓಡೋ ಹಳೇ ಪಿಕಪ್ ಯಾವ್ದು ತಗೊಳ್ಳೋದು: ಟಾಟಾ 207, ಕ್ಯಾಂಪರ್, ಜೀಪ್ ಪಿಕಪ್ ಮೂರೂ ಓಡ್ಸಿ ಹೇಳ್ತಿದೀನಿ

ಮೊದ್ಲೇ ಹೇಳ್ಬಿಡ್ತೀನಿ. ಕೊಡಗಲ್ಲಿ ಹಳೇ ಪಿಕಪ್ ತಗೊಳ್ಳೋರು ಬಾನೆಟ್ ಎತ್ತೋಕೆ ಮುಂಚೆ ಒಂದು ಗೋಣಿಚೀಲ ಹಾಸ್ಕೊಂಡು ಗಾಡಿ ಕೆಳಗೆ ಮಲಗಿ ಚಾಸಿ, ಅಂದ್ರೆ ಇಡೀ ಗಾಡಿ ಹೊತ್ತಿರೋ ಕಬ್ಬಿಣದ ಚೌಕಟ್ಟು, ನೋಡ್ಬೇಕು. ಎಂಜಿನ್ ಕೆಟ್ರೆ ಕುಶಾಲನಗರದಲ್ಲೋ ವಿರಾಜಪೇಟೆಲೋ ಬಿಚ್ಚಿ ರಿಪೇರಿ ಮಾಡೋರು ಸಿಕ್ತಾರೆ, ಸವೆದ ಸಿಲಿಂಡರ್ ಬೋರ್ ಹೊಡ್ಸೋಕೆ ಮೈಸೂರಿಗೇ ಕಳ್ಸಬೇಕಾದ್ರೂ ಅದು ಸರಿಹೋಗೋ ಖಾಯಿಲೆ. ಚಾಸಿ ತಿಂದು ಹೋಗಿದ್ರೆ ಮಾತ್ರ ಆ ಗಾಡಿ ಮುಗೀತು, ಎಷ್ಟು ವೆಲ್ಡಿಂಗ್ ಮಾಡ್ಸಿದ್ರೂ ಪ್ಯಾಚ್ ಪಕ್ಕದಲ್ಲೇ ಮುಂದಿನ ಮಳೆಗಾಲಕ್ಕೆ ಮತ್ತೆ ತೂತು. ಮಡಿಕೇರೀಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರ್ ದಾಟಿ ಮಳೆ ಹೊಡೆಯುತ್ತೆ, ಭಾಗಮಂಡಲ ಕಡೆ ಇನ್ನೂ ಜಾಸ್ತಿ, ಇಂಥಾ ಊರಲ್ಲಿ ಇಪ್ಪತ್ತು ವರ್ಷ ನಿಂತಿರೋ ಕಬ್ಬಿಣ ಹೇಗಿರುತ್ತೆ ಅಂತ ನೀವೇ ಯೋಚ್ನೆ ಮಾಡಿ.

ನಮ್ಮನೇಲಿರೋದು ಟಾಟಾ 207 ಡಿಐ, ಡಬಲ್ ಕ್ಯಾಬ್, ಅಂದ್ರೆ ಎರಡು ಸಾಲು ಸೀಟಿಂದು. ಚಿಕ್ಕಪ್ಪನ ಮಗನ ಹತ್ರ ಮಹೀಂದ್ರ ಬೊಲೆರೊ ಕ್ಯಾಂಪರ್ ಫೋರ್ ವೀಲ್ ಇದೆ, ಅಂದ್ರೆ ಎಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗೋದು, ಪಕ್ಕದ ತೋಟದಲ್ಲಿ ಮಹೀಂದ್ರ ಹಳೇ ಜೀಪ್ ಮುಖದ ಪಿಕಪ್ ಇದೆ, ಕೊಯ್ಲಿನ ಟೈಮಲ್ಲಿ ಒಬ್ರ ಗಾಡಿ ಇನ್ನೊಬ್ರು ತಗೊಂಡು ಹೋಗೋದು ನಮ್ಮಲ್ಲಿ ಮಾಮೂಲಿ, ಹಾಗಾಗಿ ಮೂರನ್ನೂ ಲೋಡ್ ಹಾಕಿ ಮಳೇಲಿ ಬಿಸ್ಲಲ್ಲಿ ಓಡ್ಸಿ ಗೊತ್ತು. ಶೋಗೆ ಇಟ್ಕೊಳ್ಳೋರ ವಿಷ್ಯ ಬೇರೆ, ಅವ್ರಿಗೆ ಈ ಬರಹದಿಂದ ಉಪಯೋಗ ಕಮ್ಮಿ. ಬೆಳಗ್ಗೆ ಮಕ್ಕಳನ್ನ ಸ್ಕೂಲಿಗೆ ಬಿಟ್ಟು, ಬರ್ತಾ ಗೊಬ್ಬರ ತುಂಬ್ಕೊಂಡು, ಶುಕ್ರವಾರ ಮಡಿಕೇರಿ ಸಂತೆ, ಡಿಸೆಂಬರ್‌ನಿಂದ ಮಾರ್ಚ್ ತನಕ ತೋಟದಿಂದ ಕಣಕ್ಕೆ ಕಾಫಿ ಹಣ್ಣು, ಕಾಫಿ ಹೂ ಅರಳಿಸೋ ಹೂ ಮಳೆ ಬರದಿದ್ರೆ ಸ್ಪ್ರಿಂಕ್ಲರ್ ಪೈಪು ಪಂಪ್‌ಸೆಟ್ಟು, ಇಷ್ಟಕ್ಕೂ ಒಂದೇ ಗಾಡಿ ಬೇಕು ಅನ್ನೋರಿಗೆ ಬರೀತಿದೀನಿ.

ಈಗಿನ ಹುಡುಗ್ರು ಯೂಟ್ಯೂಬ್ ನೋಡಿ ಫೋರ್ಡ್ ಎಫ್-100, ಹಳೇ ಹೈಲಕ್ಸ್ ಅಂತ ಹೇಳ್ತಿರ್ತಾರೆ. ಚೆನ್ನಾಗಿರೋ ಗಾಡಿಗಳೇ. ಟೊಯೋಟಾದವರು 1968ರಿಂದ ಹೈಲಕ್ಸ್ ಮಾಡ್ತಿದಾರೆ, ಅದ್ರ ಹೆಸ್ರು ಸುಮ್ನೆ ಬಂದಿದ್ದಲ್ಲ. ಆದ್ರೆ ನಮ್ಮ ದೇಶದಲ್ಲಿ ಅದನ್ನ ಮಾರೋಕೆ ಶುರು ಮಾಡಿದ್ದೇ 2022ರಲ್ಲಿ, ಅದೂ 5.3 ಮೀಟರ್ ಉದ್ದ, ನಮ್ಮ ಕೆಲ್ಸದವ್ರ ಲೈನ್ ಮನೆ ಹತ್ರದ ತಿರುವಲ್ಲಿ ಎರಡು ಸಲ ರಿವರ್ಸ್ ಹಾಕ್ದೆ ತಿರುಗಲ್ಲ. ಅಮೆರಿಕದ ಹಳೇ ಗಾಡಿ ಲೆಫ್ಟ್ ಹ್ಯಾಂಡ್, ಪೆಟ್ರೋಲ್, ಒಂದು ಗ್ಯಾಸ್ಕೆಟ್ ಬೇಕಂದ್ರೂ ಹಡಗು ಕಾಯ್ಬೇಕು. ದಿನದ ದುಡಿಮೆಗೆ ಅದು ಆಗೋ ಮಾತಲ್ಲ. ನಮಗೆ ಕ್ಲಾಸಿಕ್ ಅಂದ್ರೆ ನಮ್ಮ ರೋಡಲ್ಲೇ ಹಳೇದಾದ ಗಾಡಿ.

ಜೀಪ್ ಪಿಕಪ್‌ನಿಂದ ಶುರು ಮಾಡ್ತೀನಿ. ಮಹೀಂದ್ರದವರು 1947ರಿಂದ ವಿಲ್ಲೀಸ್ ಜೀಪ್ ಜೋಡಿಸ್ತಾ ಬಂದವರು, ಆಮೇಲೆ ಪೂಜೋ ಡೀಸೆಲ್ ಎಂಜಿನ್ ಬಂತು, 2112 ಸಿಸಿ, ಇವತ್ತಿಗೂ ಮಾಂದಲಪಟ್ಟಿ ಹತ್ತೋ ಜೀಪ್‌ಗಳಲ್ಲಿ ಆ ಸದ್ದು ಕೇಳ್ಬೋದು. ಫೋರ್ ವೀಲ್ ಇರೋದು ಸಿಕ್ಕಿದ್ರೆ ಲೋ ಗೇರ್‌ಗೆ ಹಾಕಿ ಕ್ಲಚ್ ಬಿಟ್ರೆ ಸಾಕು, ಆಕ್ಸಿಲರೇಟರ್ ಮುಟ್ಟದೆ ಕೆಸರು ಏರು ಹತ್ತುತ್ತೆ, ಅದನ್ನ ನೋಡೋದೇ ಒಂದು ಖುಷಿ. ಆದ್ರೆ ಮೈಸೂರಿಗೆ ಹೋಗಿ ಬರೋದು ಅಂದ್ರೆ ಸೊಂಟಕ್ಕೆ ಕಷ್ಟ, ಸ್ಟೇರಿಂಗ್ ಸಡಿಲ, ಮಳೆ ನೀರು ಡೋರ್ ಸಂದಿಯಿಂದ ಒಳಗೆ. ಡಿಸೆಂಬರ್ ಬೆಳಗ್ಗೆ ಹೀಟರ್ ಕೊಡದೆ ಸ್ಟಾರ್ಟ್ ಆಗಲ್ಲ, ಯಾಕಂದ್ರೆ ಈ ಎಂಜಿನ್‌ಗಳಲ್ಲಿ ಡೀಸೆಲ್ ನೇರ ಸಿಲಿಂಡರ್ ಒಳಗೆ ಬೀಳಲ್ಲ, ಪಕ್ಕದ ಸಣ್ಣ ಕೋಣೇಲಿ ಮೊದ್ಲು ಹತ್ಕೋಬೇಕು, ಆ ಕೋಣೆ ತಣ್ಣಗಿದ್ರೆ ಹತ್ಕೊಳ್ಳಲ್ಲ. ಒಂದು ಹೀಟರ್ ಪ್ಲಗ್ ಸತ್ತಿದ್ರೂ ಒಂದು ಸಿಲಿಂಡರ್ ಸುಮಾರು ಹೊತ್ತು ಬಿಳಿ ಹೊಗೆ ಬಿಟ್ಕೊಂಡು ತಡಕಾಡುತ್ತೆ. ತೋಟದ ಒಳಗಷ್ಟೇ ಓಡ್ಸೋರಿಗೆ ಇದು ಬಂಗಾರ, ಮನೆಗೊಂದೇ ಗಾಡಿ ಅನ್ನೋರಿಗೆ ಬೇಡ.

ಟಾಟಾ ಕಡೆ ಬಂದ್ರೆ, ಮೊದ್ಲು ಬಂದಿದ್ದು ಟಾಟಾ ಮೊಬೈಲ್ 206, 1988ರಲ್ಲಿ, ಆಗಿನ್ನೂ ಕಂಪನಿ ಹೆಸ್ರು ಟೆಲ್ಕೋ. ಆಮೇಲೆ ಬಂದ ಸಿಯೆರಾ, ಎಸ್ಟೇಟ್ ಎರಡೂ ಇದೇ ಪಿಕಪ್‌ನ ಅಡಿಪಾಯದ ಮೇಲೆ ನಿಂತ ಗಾಡಿಗಳು. 206ರ ಎಂಜಿನ್ 1948 ಸಿಸಿ, ಖಾಲಿ ಓಡ್ಸೋಕೆ ಹಗುರ, ಲೋಡ್ ಹಾಕಿ ಏರು ಬಂದ್ರೆ ಸೆಕೆಂಡ್ ಗೇರಲ್ಲೇ ತಾಳ್ಮೆಯಿಂದ ಹೋಗ್ಬೇಕು. ಒಳ್ಳೆ ಸ್ಥಿತೀಲಿರೋ 206 ಈಗ ಸಿಗೋದೇ ಅಪರೂಪ, ಸಿಕ್ಕಿದ್ರೆ ನೆನಪಿಗೆ ಇಟ್ಕೊಳ್ಳೋರು ತಗೊಳ್ಳಲಿ. ಕೆಲ್ಸಕ್ಕೆ 207 ಡಿಐ ನೋಡಿ. ಅದ್ರಲ್ಲಿರೋದು 407 ಲಾರಿ ಮನೆತನದ 2956 ಸಿಸಿ ಎಂಜಿನ್, ಡೀಸೆಲ್ ನೇರ ಸಿಲಿಂಡರ್‌ಗೇ ಬೀಳುತ್ತೆ, ಡಿಐ ಅಂದ್ರೆ ಇದೇ, ಅದಕ್ಕೇ ಚಳೀಲೂ ಸೆಲ್ಫ್ ಮುಟ್ಟಿದ ತಕ್ಷಣ ಎದ್ದು ಕೂರುತ್ತೆ. ಸದ್ದು ಜಾಸ್ತಿ, ಕ್ಯಾಬಿನ್ ಒಳಗೆ ಮಾತಾಡ್ಬೇಕಂದ್ರೆ ಗಂಟ್ಲು ಏರಿಸ್ಬೇಕು, ಅದು ನಿಜ. ಆದ್ರೆ ಕೆಳಗಿನ ಆರ್‌ಪಿಎಂನಲ್ಲೇ ಎಳೆಯೋ ಶಕ್ತಿ ಇದೆ, ಐವತ್ತು ಕೆಜಿಯ ಇಪ್ಪತ್ತು ಮೂಟೆ, ಅಂದ್ರೆ ಒಂದು ಟನ್, ಹಾಕ್ಕೊಂಡು ಸುಂಟಿಕೊಪ್ಪದಿಂದ ಮಡಿಕೇರಿ ಹತ್ತೋವಾಗ ಗೇರ್ ಬದಲಾಯಿಸೋ ಗಡಿಬಿಡಿ ಇರಲ್ಲ. ಲೋಡಲ್ಲಿ ಏರು ರೋಡಲ್ಲಿ ಲೀಟರ್‌ಗೆ ಹತ್ತು ಕಿಲೋಮೀಟರ್ ಆಸುಪಾಸು, ನನಗೆ ಅದು ಸಾಕು. 407 ಓಡೋ ಊರಲ್ಲೆಲ್ಲ ಇದ್ರ ಎಂಜಿನ್ ಬಿಚ್ಚೋಕೆ ಬರೋ ಮೆಕ್ಯಾನಿಕ್ ಇರ್ತಾರೆ, ಇದು ದೊಡ್ಡ ಧೈರ್ಯ.

ಬೊಲೆರೊ ಕ್ಯಾಂಪರ್ ಇದಕ್ಕಿಂತ ಹೊಸ ತಲೆಮಾರು, ಬೊಲೆರೊ ಬಂದಿದ್ದೇ 2000ದಲ್ಲಿ. ಹಳೇ ಕ್ಯಾಂಪರ್‌ಲ್ಲಿರೋದು 2523 ಸಿಸಿ ಡಿಐ ಟರ್ಬೋ, ಮೆಕ್ಯಾನಿಕಲ್ ಪಂಪ್. ಆಮೇಲಿನ ಗಾಡಿಗಳಿಗೆ ಕಾಮನ್ ರೈಲ್, ಅಂದ್ರೆ ಕಂಪ್ಯೂಟರ್ ಲೆಕ್ಕದಲ್ಲಿ ಡೀಸೆಲ್ ಬಿಡೋ ವ್ಯವಸ್ಥೆ, ಬಂತು, ಅದು ಎಳೆಯೋದ್ರಲ್ಲಿ ಹೊಗೆಯಲ್ಲಿ ಎಲ್ಲ ಒಳ್ಳೇದೇ, ಆದ್ರೆ ಒಂದು ಸೆನ್ಸರ್ ಹೋದ್ರೆ ಸ್ಕ್ಯಾನರ್ ಇರೋ ಕಡೆಗೇ ಎಳ್ಕೊಂಡು ಹೋಗ್ಬೇಕು, ಮಾಕುಟ್ಟ ಕಾಡೊಳಗೆ ನಿಂತ್ರೆ ಎಳೆಯೋರೂ ಸಿಗಲ್ಲ. ಮೆಕ್ಯಾನಿಕಲ್ ಪಂಪ್ ಇರೋದಾದ್ರೆ ಡೀಸೆಲ್ ಲೈನ್‌ಗೆ ಗಾಳಿ ಹಿಡಿದ್ರೆ ಸ್ಪ್ಯಾನರ್ ಹಿಡ್ಕೊಂಡು ನಾವೇ ಗಾಳಿ ತೆಗೆದು ಹೊರಡ್ಬೋದು. ಕ್ಯಾಂಪರ್‌ನ ದೊಡ್ಡ ಗುಣ ಅಂದ್ರೆ ಡಬಲ್ ಕ್ಯಾಬ್ ಮತ್ತೆ ಫೋರ್ ವೀಲ್ ಎರಡೂ ಒಟ್ಟಿಗೆ ಸಿಗೋದು, ಹಿಂದಿನ ಸೀಟಲ್ಲಿ ಅಜ್ಜಿನೂ ಕೂತ್ಕೊಂಡು ಮದ್ವೆಗೆ ಬರ್ಬೋದು. ಬಾಡಿ ಮಾತ್ರ ಗಿಡ್ಡ. ಸ್ಪ್ರಿಂಕ್ಲರ್ ಪೈಪ್ ಇಪ್ಪತ್ತು ಅಡಿ ಬರುತ್ತೆ, ಅದು ಯಾವ ಪಿಕಪ್ ಬಾಡೀಲೂ ಮಲಗಲ್ಲ, ಕ್ಯಾಬಿನ್ ಮೇಲೆ ಕಬ್ಬಿಣದ ಕ್ಯಾರಿಯರ್ ಮಾಡಿಸ್ಲೇಬೇಕು.

ಈಗ ತುಕ್ಕಿನ ವಿಷ್ಯ, ಇದನ್ನ ಸ್ವಲ್ಪ ಸಮಾಧಾನವಾಗಿ ಓದಿ. ನಮ್ಮ ಗಾಡಿಗಳು ತುಕ್ಕು ಹಿಡಿಯೋದು ಬರೀ ಮಳೆಯಿಂದ ಅಲ್ಲ, ಗೊಬ್ಬರದಿಂದ. ಪೊಟ್ಯಾಷ್ ಅಂತ ನಾವು ತರೋದು ಪೊಟ್ಯಾಶಿಯಂ ಕ್ಲೋರೈಡ್, ಅಂದ್ರೆ ಅದೂ ಒಂದು ಥರ ಉಪ್ಪೇ. ಚೀಲ ಹರಿದು ಒಂದು ಹಿಡಿ ಚೆಲ್ಲಿದ್ರೆ ಬಾಡಿಯ ಮುಂದಿನ ಮೂಲೇಲಿ, ಶೀಟ್ ಮಡಿಚಿರೋ ಸಂದೀಲಿ ಹೋಗಿ ಕೂರುತ್ತೆ, ಕಕ್ಕಡದ, ಅಂದ್ರೆ ಜುಲೈ-ಆಗಸ್ಟ್ ಹೊತ್ತಿನ, ಮಳೇಲಿ ಗಾಳಿಯ ತೇವ ಎಳ್ಕೊಂಡು ಯಾವಾಗ್ಲೂ ಒದ್ದೆಯಾಗೇ ಇರುತ್ತೆ, ಒಳಗಿಂದ ತಿಂತಾ ಹೋಗುತ್ತೆ. ಪೇಂಟ್ ಮೇಲೆ ಸಣ್ಣ ಗುಳ್ಳೆ ಕಾಣ್ಸುತ್ತೆ ಅಷ್ಟೇ, ಉಗುರಲ್ಲಿ ಒತ್ತಿದ್ರೆ ಒಳಗೆ ಕಂದು ಪುಡಿ. ಕಾಫಿ ಹಣ್ಣಿನ ರಸಾನೂ ಹುಳಿ, ಮೂಟೆಯಿಂದ ಸೋರಿದ್ದು ಚಾಸಿ ಮೇಲೇ ಇಳಿಯೋದು. ಅದಕ್ಕೇ ಗಾಡಿ ನೋಡೋಕೆ ಹೋಗೋವಾಗ ಒಂದು ಉದ್ದ ಸ್ಕ್ರೂಡ್ರೈವರ್ ಜೇಬಲ್ಲಿರ್ಲಿ. ಹಿಂದಿನ ಸ್ಪ್ರಿಂಗ್ ಪ್ಲೇಟ್ ಕೂರೋ ಬ್ರಾಕೆಟ್ ಇದ್ಯಲ್ಲ, ಶಾಕಲ್ (ಸ್ಪ್ರಿಂಗ್ ತುದಿ ಹಿಡಿಯೋ ಕೊಂಡಿ) ಕಡೆದು, ಅದು ಚಾಸಿಗೆ ಸೇರೋ ಜಾಗದಲ್ಲಿ ಹಿಡಿಯಿಂದ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತೆ. ಡಬ್ ಅಂತ ಸತ್ತ ಸದ್ದು ಬಂದ್ರೆ ತುದಿಯಿಂದ ಚುಚ್ಚಿ ನೋಡಿ, ಪದರ ಪದರವಾಗಿ ಉದುರಿದ್ರೆ ಬೆಲೆ ಮಾತಾಡ್ದೆ ವಾಪಸ್ ಬನ್ನಿ. ಆಮೇಲೆ ಡ್ರೈವರ್ ಕಾಲಡಿ ಮ್ಯಾಟ್ ಎತ್ತಿ ನೋಡಿ, ಡೋರ್ ಕೆಳಗಿನ ಅಂಚು, ಬಾಡಿ ಅಡಿಯ ಅಡ್ಡ ಪಟ್ಟಿ. ಗಾಡಿ ಅಡಿಗೆಲ್ಲ ಹೊಸದಾಗಿ ಕಪ್ಪು ಅಂಡರ್ ಕೋಟಿಂಗ್ ಹೊಡ್ದಿದ್ರೆ ಸಂತೋಷ ಪಡ್ಬೇಡಿ, ಮಾರೋಕೆ ಮುಂಚೆ ಅದನ್ನ ಯಾಕೆ ಹೊಡ್ಸಿದ್ರು ಅಂತ ಕೇಳಿ. ಬಯಲುಸೀಮೆ ಗಾಡಿ ಸಿಕ್ಕಿದ್ರೆ, ಹುಣಸೂರು, ಪಿರಿಯಾಪಟ್ಟಣ ಆ ಕಡೇದು, ಹತ್ತಿಪ್ಪತ್ತು ಸಾವಿರ ಜಾಸ್ತಿ ಕೊಟ್ರೂ ನಷ್ಟ ಇಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಪೇಂಟ್ ಬಿಸ್ಲಿಗೆ ಬೆಳ್ಳಗಾಗಿರುತ್ತೆ, ಆದ್ರೆ ಕಬ್ಬಿಣ ಜೀವಂತ ಇರುತ್ತೆ.

ಎಂಜಿನ್ ನೋಡೋಕೆ ಬೆಳಗ್ಗೆ ಬೇಗ ಹೋಗಿ, ಬರ್ತೀನಿ ಅಂತ ಹೇಳಿದ್ರೂ ಗಾಡಿ ಬಿಸಿ ಮಾಡಿಡ್ಬೇಡಿ ಅಂತ ಹೇಳಿ. ಬಾನೆಟ್ ಮೇಲೆ ಕೈ ಇಟ್ಟು ತಣ್ಣಗಿದ್ರೆ ಮಾತ್ರ ಸ್ಟಾರ್ಟ್ ಮಾಡ್ಸಿ. ಬಿಸಿ ಆದ್ಮೇಲೆ ಆಯಿಲ್ ಹಾಕೋ ಮುಚ್ಚಳ ತೆಗೀರಿ, ಅಲ್ಲಿಂದ ಬುಸು ಬುಸು ಹೊಗೆ ಬಂದ್ರೆ ಬ್ಯಾಕ್ ಕಂಪ್ರೆಷನ್, ಅಂದ್ರೆ ಪಿಸ್ಟನ್ ರಿಂಗ್ ಸವೆದಿದೆ, ಆ ಖರ್ಚು ಬೆಲೇಲಿ ಕಳೀರಿ. ನೀಲಿ ಹೊಗೆ ಆಯಿಲ್ ಸುಡೋದು, ಕಪ್ಪು ಹೊಗೆ ನಾಝಲ್ ಪಂಪ್ ಕೆಲ್ಸ ಅಥವಾ ಬರೀ ಏರ್ ಫಿಲ್ಟರ್.

ಟೂ ವೀಲ್ ಪಿಕಪ್ ಖಾಲಿ ಇದ್ದಾಗ ಮಳೇಲಿ ಹತ್ತಲ್ಲ ಅಂತ ಬಹಳ ಜನ ಬೈತಾರೆ. ಕಾರಣ ಏನಂದ್ರೆ ಎಂಜಿನ್ ಭಾರ ಎಲ್ಲ ಮುಂದೆ, ತಿರುಗೋ ಚಕ್ರ ಹಿಂದೆ, ಹಿಂದೆ ಭಾರ ಇಲ್ಲ. ಜೂನ್ ಬಂದ ಕೂಡ್ಲೆ ನಾನು ಹಿಂದಿನ ಆಕ್ಸಲ್ ಮೇಲಕ್ಕೆ ಸರಿಯಾಗಿ ಮೂರು ಚೀಲ ಮರಳು ಇಡ್ತೀನಿ, ತೀರಾ ಹಿಂದಿನ ಡೋರ್ ಹತ್ರ ಇಟ್ರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತೆ. ಚೀಲ ಜಾರದ ಹಾಗೆ ಹಗ್ಗ ಕಟ್ಟಿ. ಹಿಂದಿನ ಟೈರ್ ಗುಂಡಿ ಆಳ ಇರೋದು ಹಾಕ್ಸಿ. ಇಷ್ಟು ಮಾಡಿದ್ರೆ ಮುಕ್ಕಾಲು ಪಾಲು ತೋಟಗಳಿಗೆ ಫೋರ್ ವೀಲ್ ಬೇಕಾಗಲ್ಲ. ನಿಮ್ಮ ದಾರಿ ಬರೀ ಕೆಂಪು ಮಣ್ಣಿನ ಕಡಿದಾದ ಏರು ಆದ್ರೆ ಮಾತ್ರ ಫೋರ್ ವೀಲ್ ಹುಡುಕಿ, ಇಲ್ದಿದ್ರೆ ಅದ್ರ ರಿಪೇರಿ ಖರ್ಚು ಸುಮ್ನೆ.

ಹತ್ತೋದಕ್ಕಿಂತ ಇಳಿಯೋದು ಮುಖ್ಯ. ಸಂಪಾಜೆ ಘಾಟ್, ಮಾಕುಟ್ಟ ಘಾಟ್ ಲೋಡಲ್ಲಿ ಇಳಿಯೋವಾಗ ಯಾವ ಗೇರಲ್ಲಿ ಹತ್ತುತ್ತೋ ಅದೇ ಗೇರಲ್ಲಿ ಇಳೀಬೇಕು, ಎಂಜಿನ್ನೇ ಹಿಡಿಯುತ್ತೆ. ನ್ಯೂಟ್ರಲ್‌ಗೆ ಹಾಕಿ ಡೀಸೆಲ್ ಉಳಿಸ್ತೀನಿ ಅನ್ನೋರನ್ನ ನೋಡಿದ್ರೆ ಸಂಕಟ ಆಗುತ್ತೆ, ಡ್ರಮ್ ಬಿಸಿಯಾದ್ರೆ ಪೆಡಲ್ ಒತ್ತಿದ್ರೂ ಗಾಡಿ ನಿಲ್ಲಲ್ಲ. ಇನ್ನೊಂದು, ಸಿದ್ದಾಪುರ, ತಿತಿಮತಿ ಕಡೆಯೋರು ಸೆಲ್ಫ್, ಬ್ಯಾಟರಿ, ರಿವರ್ಸ್ ಲೈಟ್ ಮೂರೂ ಪಕ್ಕಾ ಇಟ್ಕೊಳ್ಳಿ. ತಿರುವಲ್ಲಿ ಆನೆ ನಿಂತಿದ್ರೆ ತಳ್ಳಿ ಸ್ಟಾರ್ಟ್ ಮಾಡೋ ಗಾಡಿ ಪ್ರಾಣಕ್ಕೆ ಬರುತ್ತೆ.

ಪೇಪರ್ ವಿಷ್ಯ. ಹಳದಿ ಬೋರ್ಡ್ ಆದ್ರೆ ಎಂಟು ವರ್ಷ ದಾಟಿದ ಮೇಲೆ ವರ್ಷ ವರ್ಷ ಫಿಟ್ನೆಸ್ ಸರ್ಟಿಫಿಕೇಟ್, ಅಂದ್ರೆ ಎಫ್‌ಸಿ ಮಾಡಿಸ್ಬೇಕು. ಬಿಳಿ ಬೋರ್ಡ್ ಆದ್ರೆ 15 ವರ್ಷಕ್ಕೆ ಆರ್‌ಸಿ ರಿನ್ಯೂವಲ್, ಆಮೇಲೆ ಐದೈದು ವರ್ಷಕ್ಕೆ, ಆ ಫೀಸನ್ನ 2022ರಲ್ಲಿ 5000 ರೂಪಾಯಿ ಮಾಡಿದ್ರು, 20 ವರ್ಷ ದಾಟಿದ ಗಾಡಿಗೆ 2025ರಲ್ಲಿ 10,000 ಆಯ್ತು, ಹಾಗಾಗಿ ತಗೊಳ್ಳೋ ಮುಂಚೆ ಮಡಿಕೇರಿ ಆರ್‌ಟಿಓಲಿ ಈಗಿನ ಲೆಕ್ಕ ಕೇಳ್ಕೊಳ್ಳಿ. ಹಳೇ ಲೋನ್ ತೀರಿದ್ರೂ ಆರ್‌ಸಿಲಿ ಹೆಚ್‌ಪಿ, ಅಂದ್ರೆ ಗಾಡಿ ಮೇಲೆ ಸಾಲ ಇದೆ ಅನ್ನೋ ನಮೂದು, ಹಾಗೇ ಉಳ್ದಿರೋದು ಬಹಳ, ಅದನ್ನ ಕ್ಯಾನ್ಸಲ್ ಮಾಡಿಸ್ದೆ ದುಡ್ಡು ಪೂರ್ತಿ ಕೊಡ್ಬೇಡಿ. ಲೈಸೆನ್ಸ್ ಬಗ್ಗೆ ಕೇಳೋರಿಗೆ, ಎಲ್‌ಎಂವಿ ಲೈಸೆನ್ಸ್ ಇದ್ರೆ 7500 ಕೆಜಿ ಒಳಗಿನ ಗೂಡ್ಸ್ ಗಾಡಿ ಓಡ್ಸೋಕೆ ಬೇರೆ ಬ್ಯಾಡ್ಜ್ ಬೇಡ ಅಂತ ಸುಪ್ರೀಂ ಕೋರ್ಟ್ ಐದು ಜಡ್ಜ್‌ಗಳ ಪೀಠ 2024 ನವೆಂಬರ್‌ನಲ್ಲಿ ಹೇಳಿದೆ.

ಇನ್ನು ಕೊಯ್ಲಿನ ಟೈಮಲ್ಲಿ ಕೆಲ್ಸದವ್ರನ್ನ ಹಿಂದೆ ಬಾಡೀಲಿ ನಿಲ್ಸಿ ಕರ್ಕೊಂಡು ಬರೋದು. ದಯವಿಟ್ಟು ಬೇಡ. ಕಾನೂನಿನ ಪ್ರಕಾರ ತಪ್ಪು, ಪಲ್ಟಿಯಾದ್ರೆ ಇನ್ಶೂರೆನ್ಸ್‌ನೋರು ದುಡ್ಡು ಕೊಡಲ್ಲ ಅಂತಾರೆ, ಅದೆಲ್ಲಕ್ಕಿಂತ ಮೊದ್ಲು ಅವ್ರೂ ಬೆಳಗ್ಗೆ ಮನೇಲಿ ಮಕ್ಕಳನ್ನ ಬಿಟ್ಟು ಬಂದಿರೋರು. ಜೀಪ್ ಬಾಡಿಗೆಗೆ ಮಾಡಿ, ಅಥವಾ ಡಬಲ್ ಕ್ಯಾಬ್‌ಲ್ಲಿ ಸೀಟ್ ಇದ್ದಷ್ಟು ಜನರನ್ನ ಎರಡು ಸಲ ಕರ್ಕೊಂಡು ಬನ್ನಿ.

ಹಾಗಾದ್ರೆ ಯಾವ್ದು? ಲೋಡೇ ಜಾಸ್ತಿ, ಮನೇಲಿ ಬೇರೆ ಕಾರಿದೆ ಅನ್ನೋರಿಗೆ 207 ಡಿಐ ಸಿಂಗಲ್ ಕ್ಯಾಬ್, ಕಣ್ಣು ಮುಚ್ಕೊಂಡು. ಮನೆಗೊಂದೇ ಗಾಡಿ ಅಂದ್ರೆ ಮೆಕ್ಯಾನಿಕಲ್ ಪಂಪಿನ ಕ್ಯಾಂಪರ್, ನನ್ನದು 207 ಆದ್ರೂ ಇದನ್ನೇ ಹೇಳ್ತೀನಿ, ಹಿಂದಿನ ಸೀಟಿನ ಸುಖ ಅದ್ರಲ್ಲೇ ಜಾಸ್ತಿ. ಎರಡ್ರಲ್ಲಿ ಒಂದ್ರ ಚಾಸಿ ಚೆನ್ನಾಗಿ, ಇನ್ನೊಂದ್ರ ಎಂಜಿನ್ ಚೆನ್ನಾಗಿ ಇದ್ರೆ ಚಾಸಿ ಚೆನ್ನಾಗಿರೋದನ್ನೇ ತನ್ನಿ. ತಂದ ವಾರದಲ್ಲೇ ಎಲ್ಲ ಆಯಿಲ್ ಬದಲಾಯಿಸಿ, ಗೇರ್ ಬಾಕ್ಸು, ಆಕ್ಸಲ್ ಹೌಸಿಂಗು ಸೇರಿ, ಬ್ರೇಕ್ ಸಿಲಿಂಡರ್ ರಬ್ಬರ್ ಹೊಸದು ಹಾಕ್ಸಿ, ಬಾಡಿ ಒಳಗೆ ದಪ್ಪ ರಬ್ಬರ್ ಶೀಟ್ ಹಾಸಿ, ಆದ್ರೆ ಅದನ್ನ ಅಂಟಿಸ್ಬೇಡಿ, ಎತ್ತಿ ಕೆಳಗೆ ತೊಳೆಯೋ ಹಾಗಿರ್ಬೇಕು. ಗೊಬ್ಬರ ಇಳಿಸಿದ ದಿನ ಕತ್ತಲಾಗೋ ಮುಂಚೆ ಪೈಪ್ ಹಿಡಿದು ಮೂಲೆ ಮೂಲೆ ತೊಳೀರಿ. ಯಾರಾದ್ರೂ ಕುಶಾಲನಗರ, ಸೋಮವಾರಪೇಟೆ ಕಡೆ ಗಾಡಿ ನೋಡೋಕೆ ಹೋಗೋದಿದ್ರೆ ಚಾಸಿ ಫೋಟೋ, ಅದ್ರಲ್ಲೂ ಹಿಂದಿನ ಶಾಕಲ್ ಹತ್ರದ್ದು, ಹಾಕಿ, ನೋಡಿ ಹೇಳ್ತೀನಿ.